ಕಾಗಿ ಕಡೆಯ ಅಕ್ಕೋರು

ಒಂದೂರಾಗ ನೆಟ್ಟಗ ನಾಕು ವರ್ಷ ಕುಂತು ನೌಕರಿ ಮಾಡಿದ್ದರ ನನ್ನ ಹತ್ರ ಹೇಳಾಕ ಏನೂ ಇರತಿರಲಿಲ್ಲ. ಆದರ ನಾ ಎಲ್ಲಿಗೆ ಹೋದರೂ ನನಗಿಂತ ಮೊದಲ ಏನರೆ ಒಂದು ಭಾನಗಡಿ ಹೋಗಿ ಅಲ್ಲೆ ಕುಂತಿರತಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಏಳನೇತ್ತೆಯ ಮುಲ್ಕಿ ಪರೀಕ್ಷಾ ಪಾಸಾಗಿ ಅಕ್ಕೋರಾದಾಕಿ ನಾನು. ಸಾಲಿ ಕಲಿಸೂ ಹೆಣಮಕ್ಕಳಿಗೆ ನಮ್ಮ ಕಡೆ ಹಂಗ ಅಂತಾರ. ಸವಣೂರು, ಶಿಗ್ಗಾವಿ, ಹಿರೇಕೆರೂರು, ಹಾನಗಲ್ಲ, ನಾಕೂ ತಾಲೂಕು ತಿರುಗಿದೆ. ಟ್ರಂಕಿನ ಹಗ್ಗಾ ಬಿಚ್ಚಿ ಸೀರಿ ಮಡಚಿ ಇಡೂದರಾಗ ಮತ್ತ ಕಟ್ಟೂ ಹೊತ್ತು ಬರತಿತ್ತು.

ಇದಕ್ಕೆಲ್ಲಾ ಕಾರಣ ಒಂದು ಕಾಗಿ.

ಕಾಗಿ-ಗುಬ್ಬಿ ಕತಿ ನಿಮಗೂ ಗೊತ್ತಿರಬೇಕು. ಕಾಗಿದು ಸಗಣಿ ಮನಿ, ಗುಬ್ಬಿದು ಕಲ್ಲಿನ ಮನಿ. ದೊಡ್ಡ ಮಳಿ ಬಂದು ಕಾಗಿ ಮನಿ ಹರಕೊಂಡು ಹೋತು. ಕಾಗಿ ನೆನಕೋತ ಬಂದು ಗುಬ್ಬಿ ಬಾಗಿಲಾ ಬಡೀತು. "ತಡಿ, ಕೂಸಿಗೆ ಎರಿಯಾಕತ್ತೇನಿ" ಅಂತು ಗುಬ್ಬಿ. ಮತ್ತ ಬಡೀತು. "ತಡಿ, ಕೂಸಿಗೆ ಅಂಗಿ ಹಾಕಾಕತ್ತೇನಿ." ಮತ್ತ ಬಡೀತು. "ತಡಿ, ಕೂಸಿಗೆ ಕಾಡಿಗಿ ಹಚ್ಚಾಕತ್ತೇನಿ." ಕಡೀಕ ಒಳಗ ಬಿಟ್ಟಿತು. ಹಸದ ಕಾಗಿ ಒಲಿ ಮುಂದ ಕುಂತು ಗಡಿಗ್ಯಾಗಿನ ಕಡ್ಲಿ ತಿಂತು. ಗುಬ್ಬಿ ಸೌಟು ಕಾಸಿ ಕಾಗಿ ಕುಂಡಿಗೆ ಬರಿ ಎಳದು ಓಡಿಸ್ತು. ಹುಡುಗ್ರು ನಗತಾವು, ಕತಿ ಮುಗೀತು. ಕಾಗಿ ಕಳ್ಳ, ಗುಬ್ಬಿ ಶಾಣ್ಯಾ.

ಸಣ್ಣಾಕಿ ಇದ್ದಾಗಿಂದ ಈ ಕತಿ ಕೇಳಿದ್ರ ನನಗ ಮೈ ಉರೀತಿತ್ತು. ಯಾಕಂದ್ರ ನಮ್ಮ ಮನ್ಯಾಗ ಎಲ್ಲಾರೂ ನನಗ ಹೇಳತಿದ್ದದ್ದು ಅದ ಮಾತು. ಸಾಲಿಗೆ ಹೋಗತೇನಿ ಅಂದ್ರ ತಡಿ. ಪರೀಕ್ಷಾಕ್ಕ ಕುಂದ್ರತೇನಿ ಅಂದ್ರ ತಡಿ. ನಿಂತಲ್ಲೆ ನಿಲ್ಲೂ ಜಾಯಮಾನನ ನಂದಲ್ಲ, ಎಷ್ಟಂತ ತಡೀಲಿ? ಅದಕ್ಕ ಅಕ್ಕೋರಾದ ಮ್ಯಾಲೆ ಆ ಕತೀನ ಕಾಗಿ ಬಾಯಿಲೆ ಹೇಳಾಕ ಸುರು ಮಾಡಿದೆ. ಸೆರಗು ತಲಿ ಮ್ಯಾಲೆ ಹೊಚ್ಚಿಕೊಂಡು, "ನಾನು ಕಾಗಿ ಅದೇನಿ, ನನ್ನ ಮಾತೂ ಒಂದೀಟು ಕೇಳ್ರಿ" ಅಂತ ವರ್ಗದ ತುಂಬ ಅಡ್ಡ್ಯಾಡಿ ಹೇಳತಿದ್ದೆ. ನನ್ನ ಕಾಗಿ ಕಳ್ಳ ಅಲ್ಲ. ಮನಿ ಕಳಕೊಂಡು, ತೊಯಿಸಿಕೊಂಡು, ಹಸದು, ಮ್ಯಾಲೆ ಬರಿ ಎಳಿಸಿಕೊಂಡ ಬಡಪಾಯಿ.

ನನ್ನ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮಣ್ಣ ನನಗೊಂದು ವರಾ ನೋಡಿ ಇಟ್ಟಿದ್ದ. ಭಾಳ ದೊಡ್ಡ ಮನಿತನ, ಆ ಮನಿ ಸೊಸಿಂದ್ರು ಹಿತ್ತಲ ಬಾಗಿಲಾ ಸೈತ ದಾಟೂದಿಲ್ಲ ಅಂತ ಅದನ್ನ ಹೆಚ್ಚಳ ಮಾಡಿ ಹೇಳತಿದ್ದ. "ನೌಕರಿ ಕಾಯಂ ಆತಂದ್ರ ನಿನ್ನ ಪಾಡಿಗೆ ನೀ ಇರು. ಬ್ಯಾಡಂತ ಸಾಲಿಯವರು ಕಳಿಸಿದ್ರ, ಸೀದಾ ಆ ಮನಿಗೆ" ಅಂದಿದ್ದ. ಹಿತ್ತಲ ಬಾಗಿಲಾ ನೆನಸಿಕೊಂಡ್ರ ನನಗ ಕುಂತಲ್ಲೆ ಉಸರು ಕಟ್ಟತಿತ್ತು.

ಹತ್ತಿಮತ್ತೂರಿನ ಹಪ್ಪಳ

ಮೊದಲನೇ ಊರು ಹತ್ತಿಮತ್ತೂರು. ಬ್ಯಾಸಿಗ್ಯಾಗ ಮುಂಜಾನಿ ಸಾಲಿ. ಸಾಲಿ ಬಿಟ್ಟ ಮ್ಯಾಲೆ ಊರಾಗಿನ ಹೆಣ್ಣುಹುಡುಗ್ರಿಗೆಲ್ಲಾ ಒಂದ ಕೆಲಸ, ಕೈಯಾಗ ಕೋಲು ಹಿಡಕೊಂಡು ಮಾಳಿಗಿ ಮ್ಯಾಲೆ ಹಪ್ಪಳ ಕಾಯೂದು. ನಾ ಹಿಂದು-ಮುಂದು ನೋಡದ ಅದ ವಾರ ಕಾಗಿ ಕತಿ ಹೇಳಿದೆ.

ಎರಡು ದಿನಕ್ಕ ಒಬ್ಬಾಕಿ ಅವ್ವ ಮಗಳ ರಟ್ಟಿ ಹಿಡಕೊಂಡು ಸಾಲಿಗೆ ಬಂದ್ಲು. ಇನ್ನೊಂದು ಕೈಯಾಗ ಸುತ್ತಿದ ಚಾಪಿ ಇತ್ತು. ನನ್ನ ಮುಂದ ಅದನ್ನ ಹಾಸಿ ತೋರಿಸಿದ್ಲು. ಒಂದೂ ಹಪ್ಪಳ ಇಲ್ಲ, ಗುಂಡನ್ನ ಕಲೆ ಅಷ್ಟ ಉಳದಿದ್ದವು.

"ನೀವ ಕೇಳ್ರಿ ಅಕ್ಕೋರ, ಏನ ಮಾಡ್ಯಾಳಂತ."

ಹುಡುಗಿಗೆ ಕೇಳಿದೆ. "ಕಾಗಿ ಬಂದಿತ್ರಿ. ಪಾಪ, ಮನಿ ಹರದು ಹೋಗೇತಿ ಅಂತ ತಿನ್ನಾಕ ಬಿಟ್ಟೆ. ಅದು ಹೋಗಿ ತನ್ನ ಮಂದೀನೂ ಕರಕೊಂಡು ಬಂತ್ರಿ" ಅಂದ್ಲು.

ನಾ ಕೈ ಮುಗದೆ. "ತಪ್ಪಾತ್ರೀ ಅವ್ವಾರ, ನಾನ ಬಂದು ಇನ್ನೊಂದು ಚಾಪಿ ಹಪ್ಪಳ ಮಾಡಿಕೊಡತೇನಿ. ದೂರು ಮಾತ್ರ ಬರಿಯಬ್ಯಾಡ್ರಿ."

"ಹಪ್ಪಳ ಹೋದ್ರ ಹೋಗಲಿ ಬಿಡ್ರಿ, ಮತ್ತ ಮಾಡೇನು" ಅಂದ್ಲು ಆಕಿ. "ಆದರ ಸಂಜಿಕೆ ಉಣ್ಣಾಕ ಕುಂತಾಗ ಎಲ್ಲಾರ ಮುಂದ ಏನಂದ್ಲು ಗೊತ್ತೇನ್ರಿ? ಅವ್ವಾ, ಒಂದು ಕಾಗಿ ಕಚ್ಚಿ ಉಗಳಿತು, ಉಪ್ಪು ಹೆಚ್ಚಾಗಿತ್ತು ಕಾಣಸತೈತಿ ಅಂದ್ಲ್ರಿ. ಈ ಮನಿಗೆ ಬಂದಾಗಿಂದ ನಮ್ಮತ್ತಿ ನನ್ನ ಹಪ್ಪಳದಾಗ ತಪ್ಪು ತಗದು ಹೆಸರಿಟ್ಟಿರಲಿಲ್ಲ. ಈಗ ದಿನಾ ಕಾಗಿ ಹೆಸರು ಹೇಳಿ ಇಡಾಕತ್ತಾಳ."

ದೂರು ಆ ಅತ್ತೀನ ಬರಿಸಿದ್ಲು. ನಾ ಟ್ರಂಕು ಕಟ್ಟಿದೆ.

ದುಂಡಸಿ ಗೌಡರ ಪಡಸಾಲಿ

ಶಿಗ್ಗಾವಿಗೆ ಬಸ್ಸು ಹಿಡದು ಅಲ್ಲಿಂದ ದುಂಡಸಿಗೆ ಹೋದೆ. ದಾರಿ ಉದ್ದಕ್ಕೂ ಇನ್ನ ಕಾಗಿ ಹೆಸರು ಎತ್ತಬಾರದು ಅಂತ ನನಗ ನಾನ ಹೇಳಿಕೋತ ಹೋದೆ. ಒಂದು ತಿಂಗಳು ಹೆಂಗೋ ಹಲ್ಲು ಕಚ್ಚಿ ಹಿಡದೆ. ಆಮ್ಯಾಲೆ ಒಂದಿನ ಬಾಯಿ ತಡೀಲಿಲ್ಲ.

ಅದು ಜ್ವಾಳ ಹಾಲುಗಾಳು ತುಂಬೂ ಹೊತ್ತು. ಕತಿ ಕೇಳಿದ ಹುಡುಗ್ರಿಗೆ ಗುಬ್ಬಿ ಮ್ಯಾಲೆ ಎಲ್ಲಿಲ್ಲದ ಸಿಟ್ಟು ಬಂತು. ಕವಣಿ ತಗೊಂಡು ಹೊಲಕ್ಕ ಓಡಿದ್ವು. ಮೊದಲ ಗುಬ್ಬಿ ಕಾಯಾಕ ಹೊಡದು ಬಡದು ಕಳಿಸಬೇಕಾಗತಿತ್ತಂತ, ಈಗ ಕರದ್ರ ಮನಿಗೆ ಬರವಲ್ಲವು. ಹುಡುಗ್ರ ಅಪ್ಪಂದ್ರು ನಾ ಹೋದಲ್ಲೆಲ್ಲಾ ಎದ್ದು ನಿಂತು, "ಬರ್ರಿ ಅಕ್ಕೋರ, ಕುಂದರ್ರಿ, ಅಂಥಾ ಕತಿ ಇನ್ನೊಂದೆರಡು ಹೇಳ್ರಿ" ಅನ್ನಾಕತ್ತಿದ್ರು. ಇನ್ನ ನನ್ನ ನೌಕರಿ ಗಟ್ಟಿ ಆತು ಅಂತ ನಾನೂ ಉಬ್ಬಿದೆ.

ಆದರ ಗುಬ್ಬಿ ಗೂಡು ಇದ್ದದ್ದು ಗೌಡರ ಪಡಸಾಲಿ ಜಂತ್ಯಾಗ. ಮನ್ಯಾಗ ಗುಬ್ಬಿ ಗೂಡು ಕಟ್ಟಿದ್ರ ಲಕ್ಷ್ಮಿ ಬಂದಂಗ ಅಂತ ಗೌಡರು ಅದನ್ನ ಯಾರಿಗೂ ಮುಟ್ಟಗೊಡತಿರಲಿಲ್ಲ. ಒಂದಿನ ಮಧ್ಯಾಹ್ನ ಅವರು ಉಂಡು ಅಡ್ಡಾಗಿದ್ದಾಗ ನಮ್ಮ ವರ್ಗಕ್ಕ ವರ್ಗನ ಹೋಗಿ ಜಂತಿ ಕೆಳಗ ನಿಂತು, "ಬಾಗಿಲಾ ತಗಿ, ಹೊರಗ ಬಾ" ಅಂತ ಒದರಾಕ ಸುರು ಮಾಡೇತಿ.

ಮರುದಿನ ಗೌಡರ ಕರೆ ಬಂತು. ಹೋದೆ.

"ಅಕ್ಕೋರ, ನಿಮ್ಮ ಹುಡುಗ್ರು ನಿನ್ನೆ ಬಂದಿದ್ವು" ಅಂದ್ರು. "ನಾ ಬೀಗರು ಬಂದ್ರೇನೋ ಅಂತ ತಲಿಗೆ ಪಟಕಾ ಸುತ್ತಿಕೊಂಡು ಹೊರಗ ಬಂದೆ. ನೀವಲ್ರಿ, ಗುಬ್ಬಿ ಬರಲಿ ಅಂದ್ವು. ಗುಬ್ಬಿ ಯಾಕ್ರೋ ಅಂದೆ. ಕಾಗಿಗೆ ತಪ್ಪಾತು ಅಂತ ಹೇಳತನಕ ಹೋಗೂದಿಲ್ಲ ಅಂದ್ವು."

"ಆಮ್ಯಾಲ್ರಿ?"

"ಆಮ್ಯಾಲೇನು, ನಿದ್ದಿ ಬ್ಯಾರೆ ಬಂದಿತ್ತು. ಗುಬ್ಬಿ ಪರವಾಗಿ ನಾನ ತಪ್ಪಾತು ಅಂದೆ. ಬರೇ ಅಂದ್ರ ಆಗೂದಿಲ್ಲ, ಕೈ ಮುಗೀರಿ ಅಂದ್ವು." ಗೌಡರು ಮೀಸಿ ಮ್ಯಾಲೆ ಕೈ ಆಡಿಸಿಕೊಂಡ್ರು. "ಮಾಮಲೇದಾರ ಬಂದಾಗೂ ಈ ಕೈ ಮುಗದಿಲ್ಲ ಅಕ್ಕೋರ. ನಿನ್ನೆ ಕಂಪೌಂಡಿನ ಮ್ಯಾಲಿನ ಕಾಗಿಗೆ ಮುಗದೆ. ನೀವು ಈ ಊರಾಗ ಇದ್ದಷ್ಟು ದಿನಾ ನನಗದು ನೆನಪಾಗತೈತಿ."

ಅದರ ಅರ್ಥ ಬಿಡಿಸಿ ಕೇಳೂದು ಬ್ಯಾಡಾಗಿತ್ತು.

ರಟ್ಟೀಹಳ್ಳಿಗೆ ಅಣ್ಣ ಬಂದ

ಮೂರನೇ ಊರು ರಟ್ಟೀಹಳ್ಳಿ, ಅಲ್ಲೂ ಕಾಗಿ ಕತಿ ಹೇಳಿಬಿಟ್ಟಿದ್ದೆ. ಅಲ್ಲಿಗೆ ನನ್ನ ಸುದ್ದಿ ತಿಳಕೊಂಡು ಹೋಗಾಕ ಅಂತ ನಮ್ಮಣ್ಣನ ಬಂದ. ಮುಂಚೆ ಕಾಗದಾ ಬರೀದ ಬಂದಿದ್ದ, ಬೇಕಂತನ. ನಾ ವರ್ಗದಾಗ ಭಾಗಾಕಾರ ಹೇಳಾಕತ್ತಿದ್ದೆ. ಬಾಗಿಲಾ ಬಡದ. ಕಿಡಕ್ಯಾಗ ನೋಡಿದೆ, ಅಣ್ಣ.

"ಅಣ್ಣಾ, ಒಂದೀಟು ತಡಿ, ಈ ಲೆಕ್ಕಾ ಮುಗೀಲಿ" ಅಂದೆ.

ಎರಡು ನಿಮಿಷಕ್ಕ ಮತ್ತ ಬಡದ. ಹೊರಗ ಬಿಸಲು ರಣರಣ ಅಂತಿತ್ತು.

"ತಡಿ, ಹಾಜರಿ ತಗೊಳ್ಳಾಕತ್ತೇನಿ."

ಮತ್ತ ಬಡದ. "ತಡಿ" ಅನ್ನೂದರಾಗ ಹಿಂದಿನ ಸಾಲಿನಾಗಿಂದ ಒಂದು ಹುಡುಗ ಎದ್ದು ನಿಂತು, "ಅಕ್ಕೋರ, ನೀವ ಗುಬ್ಬಿ ಆದ್ರಲ್ರೀ" ಅಂದ. ಇಡೀ ವರ್ಗ ಓಡಿ ಹೋಗಿ ಬಾಗಿಲಾ ತಗದು, ಅಣ್ಣನ ಕೈ ಹಿಡದು ಒಳಗ ಕರಕೊಂಡು ಬಂತು. ಒಬ್ಬ ಪಾಟಿಲೆ ಗಾಳಿ ಹಾಕಿದ. ಒಬ್ಬಾಕಿ ಒಂದು ಹಿಡಿ ಹುರದ ಶೇಂಗಾ ಕೊಟ್ಲು. ಅಣ್ಣ ನನ್ನ ಖುರ್ಚಿ ಮ್ಯಾಲೆ ಕುಂತು ಶೇಂಗಾ ತಿನಕೋತ ಒಂದು ತಾಸು ಹುಡುಗ್ರ ಕಡಿಂದ ನನ್ನ ಕತಿಯೆಲ್ಲಾ ಹೇಳಿಸಿಕೊಂಡ. ಹತ್ತಿಮತ್ತೂರು, ದುಂಡಸಿ ಸುದ್ದಿ ಅವಗ ಮೊದಲ ಗೊತ್ತಿತ್ತು.

ಬಸ್ಸಿಗೆ ಹೋಗುಮುಂದ ಅಂದ, "ನಿನ್ನ ಹುಡುಗ್ರು ಭಾಳ ಛಲೋ ಅದಾವು. ಎಲ್ಲಾವೂ ನನ್ನ ಕಡೇನ ಅದಾವು. ಇನ್ನೊಂದು ದೂರು, ಅಷ್ಟ."

ಹಾನಗಲ್ಲಿನ ಮಳಿ

ರಟ್ಟೀಹಳ್ಳಿಯಿಂದ ಈ ಸಲ ದೂರಿಲ್ಲದನ ಬದಲಿ ಮಾಡಿದ್ರು. ಹಾನಗಲ್ಲ ಕಡೆಯ ಒಂದು ಸಾಲ್ಯಾಗಿನ ಹೆಡ್ ಮಾಸ್ತರ್ರು ನಾ ಹೋದ ದಿನಾನ, "ನಿಮ್ಮ ಕಾಗಿ ಸುದ್ದಿ ಇಲ್ಲಿಗೂ ಬಂದೇತಿ. ಇಲ್ಲೆ ಗುಬ್ಬಿ ಕಡೆಯಿಂದನ ಹೇಳ್ರಿ" ಅಂದ್ರು. ಹೂಂ ಅಂದೆ. ಹಂಗ ಒಂದು ಸಲ ಹೇಳಿದೆ. ಬರಿ ಎಳಿಯೂದು ಬಂದಾಗ ಒಂದು ಸಣ್ಣ ಹುಡುಗಿ, "ಕಾಗಿಗೆ ಉರೀಲಿಲ್ಲೇನ್ರಿ?" ಅಂತ ಕೇಳಿದ್ಲು. ಅಷ್ಟ ಸಾಕಾತು. ಮರುದಿನ ಬಾಗಿಲಾ ಹಾಕ್ಕೊಂಡು ಸಣ್ಣ ದನೀಲೆ ಕಾಗಿ ಬಾಯಿಲೆ ಪೂರಾ ಹೇಳಿಬಿಟ್ಟೆ.

ನನ್ನ ನೌಕರಿ ಕಾಯಂ ಆಗೂದೋ ಬಿಡೂದೋ ಅಂತ ಬರಿಯಾಕ ಹೊಸಾ ದಿಪೋಟಿ ಸಾಹೇಬ್ರು ಬರೂದಿತ್ತು. ಸಾಲಿಗಳ ತಪಾಸಣಿ ಮಾಡೂ ಅಧಿಕಾರಿ ಅವರು. ಅವರನ್ನ ನಮ್ಮಲ್ಲೆ ಯಾರೂ ಕಂಡಿರಲಿಲ್ಲ. ಬರೂದು ನಾಳೆ. ಅವತ್ತ ಮುಂಜಾನಿಂದ ಮಳಿ ಹಿಡದಿತ್ತು. ಹೆಡ್ ಮಾಸ್ತರ್ರು ದೊಡ್ಡ ಖೋಲಿ ನೆಲ ಸಾರಿಸಿ, ಮುಂಬಾಗಿಲಾ ಹಾಕ್ಕೊಂಡು, "ನಾ ಹೇಳತನಕ ಯಾರನ್ನೂ ಒಳಗ ಬಿಡಬ್ಯಾಡ್ರಿ, ಕೆಸರಾಗತೈತಿ" ಅಂತ ತಾಕೀತು ಮಾಡಿದ್ರು. ನಾ ಪಕ್ಕದ ಖೋಲ್ಯಾಗ ಆ ಗ್ವಾಡಿಯಿಂದ ಈ ಗ್ವಾಡಿಗೆ ಅಡ್ಡ್ಯಾಡಾಕತ್ತಿದ್ದೆ. ನಾಳಿನ ಚಿಂತಿ.

ಮುಂಬಾಗಿಲಾ ಬಡದ ಸಪ್ಪಳ ಆತು.

"ತಡೀರಿ, ನೆಲ ಹಸಿ ಐತಿ" ಅಂತ ಹೆಡ್ ಮಾಸ್ತರ ದನಿ.

ಮತ್ತ ಬಡದ್ರು. "ತಡೀರಿ, ನಕಾಶಿ ತೂಗ ಹಾಕಾಕತ್ತೇನಿ."

ಮಳಿ ಜೋರಾತು. ಮತ್ತ ಬಡದ್ರು. "ತಡೀರಂದ್ರ, ಕೋಟಿನ ಗುಂಡಿ ಹಚ್ಚಾಕತ್ತೇನಿ."

ನನ್ನ ವರ್ಗದ ಹುಡುಗ್ರು ಒಂದೂ ಪಾಟಿ ಕಡೆ ನೋಡವಲ್ಲವು, ಎಲ್ಲಾವೂ ನನ್ನ ಮಾರಿ ನೋಡಾಕತ್ತಾವು. ಆ ಸಣ್ಣ ಹುಡುಗಿ ಎದ್ದು ಹೋಗಿ ಹೊರಗ ತಗಿಯೂ ನಮ್ಮ ಖೋಲಿ ಬಾಗಿಲ ಚಿಲಕದ ಮ್ಯಾಲೆ ಕೈ ಇಟ್ಟು, "ತಗೀಲೇನ್ರಿ?" ಅಂದ್ಲು. ತಗದ್ರ ಹೆಡ್ ಮಾಸ್ತರ ದೂರು ತಪ್ಪಿದ್ದಲ್ಲ, ಅದು ನನ್ನ ಕಡೇ ದೂರು. ನನ್ನ ಕಣ್ಣ ಮುಂದ ಹಿತ್ತಲ ಬಾಗಿಲಾ ಬಂತು. ತಗೀಬ್ಯಾಡ ಅನ್ನಾಕ ಬಾಯಿ ಬರಲಿಲ್ಲ.

"ತಗಿ" ಅಂದೆ.

ಕರೇ ಕೋಟು, ಕರೇ ಟೊಪಗಿ, ಮೂಗಿನ ತುದಿಯಿಂದ ನೀರು ಸೋರಾಕತ್ತಿದ್ದ ಒಬ್ಬರು ಒಳಗ ಬಂದ್ರು. ಕೈಯಾಗ ಸೈಕಲ್ಲು. ಅದನ್ನೂ ಒಳಗ ತಂದ್ರು. ವರ್ಗದ ತುಂಬ "ಕಾಗಿ, ಕಾಗಿ" ಅಂತ ಪಿಸುಪಿಸು ಸುರು ಆತು.

"ಕುಂದರ್ರಿ" ಅಂತ ನನ್ನ ಖುರ್ಚಿ ಸರಿಸಿದೆ.

"ಬ್ಯಾಡ್ರಿ, ನಿಂದರತೇನಿ" ಅಂದ್ರು.

"ಇಷ್ಟು ನೆನದೀರಿ, ಕುಂದರ್ರಿ."

"ಬ್ಯಾಡಂದ್ನೆಲ್ರಿ, ಕುಂದ್ರಾಕ ಬರೂದಿಲ್ಲ ನನಗ."

ಆ ಹುಡುಗಿ ಅವರ ಸುತ್ತ ಒಂದು ಸುತ್ತು ತಿರುಗಿ, ಹಿಂದ ನಿಂತು ನೋಡಿ, "ಅಕ್ಕೋರ, ಇವರಿಗೆ ಆಗಲೇ ಬರಿ ಎಳದಾರ್ರಿ" ಅಂದ್ಲು.

ನೆಲ ಬಾಯಿ ಬಿಟ್ರ ಒಳಗ ಹೋಗಿಬಿಡಲಿ ಅನಿಸ್ತು ನನಗ. ಹುಡುಗಿ ಅಷ್ಟಕ್ಕ ಬಿಡಲಿಲ್ಲ. ತನ್ನ ಬುತ್ತಿ ಬಿಚ್ಚಿ, ರೊಟ್ಟಿ ಮ್ಯಾಲಿನ ಬೆಣ್ಣಿ ಮುದ್ದಿ ಎಲಿಯಾಗ ತಗದು ಅವರ ಮುಂದ ಹಿಡದ್ಲು. "ಹಚ್ಚಿಕೊಳ್ರಿ, ಉರಿ ಇಳೀತೈತಿ. ನಮ್ಮವ್ವಗ ಕೈ ಸುಟ್ಟಾಗ ಇದನ್ನ ಹಚ್ಚಿದ್ವಿ."

"ಯಾರವ್ವಾ ನನಗ ಬರಿ ಎಳದವರು?" ಅಂತ ಕೇಳಿದ್ರು ಅವರು.

"ಗುಬ್ಬಿ" ಅಂದು ದೊಡ್ಡ ಖೋಲಿ ಕಡೆ ಬಟ್ಟು ತೋರಿಸಿದ್ಲು. "ಅಲ್ಲೆ ಒಳಗ ಐತ್ರಿ." ಅಲ್ಲಿಗೆ ನಿಲ್ಲದ ಕೂಸು, ಅಂಗಿ, ಕಾಡಿಗಿ, ಸೌಟು, ಕತಿಯೆಲ್ಲಾ ಹೇಳಿದ್ಲು. ಅವರು ನೀರು ಸುರಿಸಿಕೋತ ನಿಂತ ಪೂರಾ ಕೇಳಿದ್ರು.

ಅಷ್ಟರಾಗ ಹೆಡ್ ಮಾಸ್ತರ್ರು ಕೋಟಿನ ಗುಂಡಿ ಹಚ್ಚಿ ಮುಗಿಸಿ, ಮುಂಬಾಗಿಲಾ ತಗದು, ಯಾರೂ ಇಲ್ಲಂತ ನಮ್ಮ ಖೋಲಿಗೆ ಬಂದ್ರು. ಸೈಕಲ್ಲಿಗೆ ಕಟ್ಟಿದ್ದ ಸರಕಾರಿ ದಫ್ತರದ ಗಂಟು ಕಂಡು ಅವರ ಮಾರಿ ಬಿಳಚಿತು. "ಸಾಹೇಬ್ರ, ನೀವು ನಾಳೆ..." ಅಂದ್ರು.

ಆಗ ನನಗ ತಿಳೀತು. ಖುರ್ಚಿ ಹಿಡಕೊಂಡು ನಿಂತೆ.

"ಬರ್ರಿ ಹೆಡ್ ಮಾಸ್ತರ" ಅಂದ್ರು ದಿಪೋಟಿ ಸಾಹೇಬ್ರು. "ಕೂಸಿಗೆ ಕಾಡಿಗಿ ಹಚ್ಚಿ ಮುಗೀತೇನ್ರಿ?"

ವರ್ಗ ಬಿದ್ದು ಬಿದ್ದು ನಕ್ಕಿತು. ಸಾಹೇಬ್ರು ತಪಾಸಣಿ ಬರಿಯೂ ಸೆರಾ ಬುಕ್ಕು ತರಿಸಿ ಕಿಡಕಿ ಕಟ್ಟಿ ಮ್ಯಾಲೆ ಇಟ್ಟು ನಿಂತ ಬರದ್ರು. ನಾ ಹೊರಗ ಕಟ್ಟಿ ಮ್ಯಾಲೆ ಅತ್ತಿಂದಿತ್ತ ಇತ್ತಿಂದತ್ತ. "ಈ ವರ್ಗದ ಮಕ್ಕಳು ಬಾಗಿಲು ತೆರೆಯುವುದನ್ನು ಕಲಿತಿದ್ದಾರೆ. ಅಕ್ಕನವರನ್ನು ಕಾಯಂ ಮಾಡಬೇಕು" ಅಂತ ಬರದಿದ್ರು. ಓದಿ ನಾ ಅಲ್ಲೇ ಅತ್ತೆ, ಮುಚ್ಚಿಡೂದೇನೈತಿ. ಊರೂರು ಸೈಕಲ್ಲು ತುಳದು ಅವರಿಗೆ ಕುಂದ್ರಬಾರದ ಜಾಗಾದಾಗ ಕುರು ಎದ್ದಿತ್ತಂತ, ಆಮ್ಯಾಲೆ ತಿಳೀತು. ಹೋಗುಮುಂದ ಸೈಕಲ್ಲು ನೂಕಿಕೋತ ನಡಕೊಂತ ಹೋದ್ರು. ಬೆಣ್ಣಿ ಎಲಿ ಸುದ್ದಾ ಒಯ್ದಿದ್ರು.

ಕಾಯಂ ಆದ ಆರ್ಡರು ಬಂದ ದಿನಾನ ಅಣ್ಣಗ ಬರದೆ. ವಾರಕ್ಕ ಅವನ ಕಾರ್ಡು ಬಂತು. ಶುಭಾಶಯ ಇಲ್ಲ, ಏನಿಲ್ಲ, ಒಂದ ಸಾಲು.

"ಆ ವರನ ಮನಿಯವರಿಗೆ ತಡೀರಿ ಅಂತ ಬರದೇನಿ."

ಅವರಿಗೆ ಬಾಗಿಲಾ ನಾ ತಗೀಲಿಲ್ಲ. ಇನ್ನೂ ತಡದಾರೋ ಏನೋ.