ಗೇಣುದ್ದದ ಆಲದ ಮರಕ್ಕೆ ಉಳ ಬಿದ್ದಾಗ

ಮೂವತ್ತೊರ್ಸ ತೆಂಗಿನ ಮರ ಅತ್ತಿ, ಸುಳಿ ಕೊರೆಯೋ ದುಂಬೀನ ಕಬ್ಬಿಣದ ಕೊಕ್ಕೇಲಿ ಕಿತ್ತೆಸೆದೋನು ನಾನು. ದಂಡಿಗನಹಳ್ಳಿ ಸುತ್ತ ನನ್ನ ಸರಿಸಮ ಇನ್ನೊಬ್ಬ ಇಲ್ಲ, ಬೇಕಾರೆ ಕೇಳಿ. ಅಂಥೋನು ಈಗ ಹಾಸನದಾಗೆ ರಿಟೈರಾದ ಮೇಷ್ಟ್ರೊಬ್ರ ಮನೇಲಿ, ಅವರ ಎಂಡ್ರು ಮೇಡಮ್ಮನ ಬೋನ್ಸಾಯಿ ಗಿಡಕ್ಕೆ ಉಳ ತೆಗೀತೀನಿ. ಬೋನ್ಸಾಯಿ ಅಂದ್ರೆ ತಟ್ಟೇಲಿ ಬೆಳ್ಸೋ ಮರ. ಅಲ್ಲಿ ವಾರಕ್ಕೊಂದು ಪಜೀತಿ ಆಗ್ದೆ ಇದ್ರೆ ನಂಗೆ ತಿಂದಿದ್ದು ಅರಗಾಕಿಲ್ಲ.

೧. ಎಷ್ಟು ಎಕರೆ?

ಮೊದಲ್ನೇ ಸಲ ಉಳ ಬಿದ್ದಾಗ ಚನ್ನರಾಯಪಟ್ಣದ ಔಸ್ದಿ ಅಂಗ್ಡಿಗೆ ಓದೆ.

"ಆಲದ ಮರಕ್ಕೆ ಉಳ ಬಿದ್ದೈತೆ, ಔಸ್ದಿ ಕೊಡಿ."

"ಎಷ್ಟು ಎಕರೆ?"

"ಎಕರೆ ಎಲ್ಲಿ ಬಂತು? ಒಂದೇ ಮರ."

"ಎಷ್ಟೊರ್ಸದ್ದು?"

"ಇಪ್ಪತ್ತೈದು."

"ಅಂಗಾರೆ ದೊಡ್ಡ ಮರ. ಐದು ಲೀಟರ್ ಕ್ಯಾನೇ ತಗಳಿ. ಏಣಿ ಐತಾ?"

"ಏಣಿ ಯಾಕೆ? ಟೇಬಲ್ ಮ್ಯಾಲೈತೆ. ಒಂದು ಗೇಣು ಎತ್ತರ."

ಅಂಗ್ಡಿಯೋನು ಕ್ಯಾನ್ ಒಳೀಕಿಟ್ಟು, ಬಗ್ಗಿ ನನ್ನ ಬಾಯಿ ಮೂಸ್ದ. "ಬೆಳಿಗ್ಗೇನೇ ಸುರು ಮಾಡ್ಕಂಡಿದ್ದೀಯ ತಾತ?"

೨. ಏನಾಗೈತೆ

ಮೇಡಮ್ಮ ಮೈಸೂರಿಗೆ ಮಗಳ ಮನೆಗೆ ಓಗಿದ್ರು. ಇಲ್ಲಿ ಎಳೇ ಎಲೆ ಅಡೀಲಿ ಏನು ಮುತ್ಕಂಡ್ವು. ನಮ್ಮ ತಲೇಲಿ ಆಗ್ತಾವಲ್ಲ, ಅಂಥವೇ, ಬಣ್ಣ ಮಾತ್ರ ಅಸ್ರು. ಫೋನ್ ಮಾಡ್ದೆ.

"ಮೇಡಮ್ಮಾರೇ, ಗಿಡಕ್ಕೆ ಏನಾಗೈತೆ."

"ಅಯ್ಯೋ! ಏನಾಗಿದೆ?"

"ಊ ಕಣಮ್ಮ, ಏನಾಗೈತೆ."

"ಅದೇ ಕೇಳ್ತಿರೋದು, ಏನು?"

"ಊಂ, ಏನೇ!"

"ನನ್ನ ಕೇಳಿದ್ರೆ? ನೋಡ್ತಿರೋರು ನೀವು!"

ಮೇಷ್ಟ್ರು ಫೋನ್ ಕಿತ್ಕಂಡು, "ಹೇನು ಕಣೇ, ಹೇನು!" ಅಂದ್ರು.

ಇಷ್ಟೊಂದು ಓದವ್ರೆ, ಪಾಪ, ಏನು ಅಂದ್ರೆ ಏನು ಅಂತ ಗೊತ್ತಾಗಾಕಿಲ್ಲ.

೩. ಫ್ಲವರ್ ಶೋ

ಮೇಡಮ್ಮ ಆಲದ ಗಿಡಾನ ಇಡ್ಬೇಕಿದ್ದ ಫ್ಲವರ್ ಶೋಗೆ ಒಂದು ದಿನ ಇದ್ದಂಗೆ ನೋಡ್ತೀನಿ, ಆಲದ ಕೊಂಬೆ ಸಂದೀಲೆಲ್ಲ ಅಕ್ಕಿ ಇಟ್ನ ಉದುರ್ಸ್ದಂಗೆ ಬಿಳೀ ತಿಗಣೆ! ಮೇಡಮ್ಮನ ಮಖ ಕೆಂಪಗಾಯ್ತು.

"ನಾಳೆ ಒಂದೇ ಒಂದು ಹುಳ ಕಂಡ್ರೂ ಮೈಸೂರಿಂದ ನರ್ಸರಿಯವರನ್ನ ಕರೆಸ್ತೀನಿ. ನೀವು ಆಮೇಲೆ ಊರಲ್ಲೇ ಆರಾಮಾಗಿರಿ."

ಕೆಲ್ಸಾನೂ ಓಯ್ತು, ಮರ್ವಾದೇನೂ ಓಯ್ತು ಅನ್ಕಂಡೆ. ಬೇವಿನೆಣ್ಣೆ, ಸೋಪಿನ ನೀರು ಕಲ್ಸ್ದೆ. ಸಂದಿಗೆ ಬಟ್ಟೆ ಓಗಾಕಿಲ್ಲ. ಬಚ್ಚಲ ಕಿಟಕೀಲಿ ಒಂದು ಬ್ರಶ್ಶಿತ್ತು, ಸವೆದು ಮೋಟು ಪೊರಕೆ ಆಗಿತ್ತು. ಯಾರೋ ಬಿಟ್ಟಿರೋದು ಅಂತ ತಗಂಡು, ಸಂಜೆಗಂಟ ಒಂದೊಂದೇ ಕೊಂಬೆ ತಿಕ್ಕಿ, ಬ್ರಶ್ ಅಲ್ಲೇ ಇಟ್ಬುಟ್ಟೆ.

ಮಾರ್ನೇ ದಿನ ತೀರ್ಪುಗಾರ್ರು ಭೂತಗನ್ನಡಿ ಇಡ್ಕಂಡು ಬುಡದಿಂದ ತುದೀಗಂಟ ನೋಡಿದ್ರು. ಮೇಡಮ್ಮ ಉಸ್ರು ಬಿಗಿ ಇಡ್ದು ನಿಂತಿದ್ರು. ನಾನೂ ಅಂಗೇ.

"ಒಂದು ಹುಳಾನೂ ಇಲ್ವಲ್ಲ! ಯಾವ ಔಷಧಿ?"

ಎದೆ ಉಬ್ಬಿಸ್ದೆ. "ಬೇವಿನೆಣ್ಣೆ, ಸೋಪಿನ ನೀರು, ಬಚ್ಚಲ ಕಿಟಕೀಲಿದ್ದ ಅಳೇ ಬ್ರಶ್ಶು ಸಾ!"

ಪಕ್ಕದಲ್ಲಿದ್ದ ಮೇಷ್ಟ್ರು ಬಾಯಿ ಮೇಲೆ ಕೈ ಇಟ್ಕಂಡ್ರು. "ಅದಕ್ಕೇ ಬೆಳಿಗ್ಗೆಯಿಂದ ಬಾಯೆಲ್ಲ ಕಹಿ! ಅದು ನನ್ನ ಬ್ರಶ್ ಕಣಯ್ಯಾ!"

ಮೇಡಮ್ಮ ನಗು ತಡೀಲಾರ್ದೆ ಟೇಬಲ್ ಇಡ್ಕಂಡ್ರು. "ನಾಳೆ ಬೇಗ ಬನ್ನಿ, ಇನ್ನೂ ಮೂರು ಗಿಡ ತಿಕ್ಕೋದಿದೆ" ಅಂದ್ರು. ನನ್ನ ಕೆಲ್ಸ ಉಳೀತು. ಮೇಷ್ಟ್ರ ಸಿಟ್ಟು ಮಾತ್ರ ಇಳೀಲಿಲ್ಲ. ನಾನೇ ಸಮಾಧಾನ ಮಾಡ್ದೆ.

"ಬೇಜಾರ್ ಮಾಡ್ಕಬ್ಯಾಡಿ ಸಾ. ಇನ್ನೊಂದೊರ್ಸ ನಿಮ್ಮ ಹಲ್ಲಿಗೂ ಉಳ ಬೀಳಾಕಿಲ್ಲ."