ಮೂರು ದಾರಿ ಕೂಡುವಲ್ಲಿ ಒಂದು ಕುಂಬಳಕಾಯಿ

1982ನೇ ಇಸವಿ, ಅಕ್ಟೋಬರ್ 31, ಭಾನುವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಆ ಹೊತ್ತಿಗೆ ನನ್ನ ದಿನಚರಿಯಲ್ಲಿ ಬರೆದಿರುವ ವಾಕ್ಯ ಇದು: "ಎಲ್ಲವೂ ಸಿದ್ಧವಾಗಿದೆ. ಯಾವ ತೊಂದರೆಯೂ ಬರುವ ಸಂಭವ ಕಾಣುವುದಿಲ್ಲ."

ಅದರ ಕೆಳಗೇ ನಾಲ್ಕೂಕಾಲು ಗಂಟೆಗೆ ಬರೆದದ್ದು: "ಅಳುತ್ತಿರುವವರು 9. ಹಲ್ಲು ಕಳೆದುಕೊಂಡವರು 3. ಹೆಣ 1."

ಇವೆರಡು ವಾಕ್ಯಗಳ ನಡುವೆ ಒಂದು ಗಂಟೆ ಐದು ನಿಮಿಷವಿದೆ. ಸದರಿ ಅವಧಿಯಲ್ಲಿ ನಡೆದದ್ದನ್ನು ಯಾವುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಆಗ ನನಗೆ ಇಪ್ಪತ್ತು ವರ್ಷ. ಪಿಯುಸಿ ಮುಗಿಸಿ, ಟೈಪಿಂಗಿನಲ್ಲಿ ಲೋಯರ್ ಪರೀಕ್ಷೆ ಪಾಸಾಗಿ, ಮಧುಗಿರಿಯ ಬೆಟ್ಟದ ಬುಡದ ಒಂದು ವಠಾರದಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಅಪ್ಪ ಕೋರ್ಟಿನಲ್ಲಿ ಸಮನ್ಸ್ ಜಾರಿ ಮಾಡುವವರು. ಮನೆಯಲ್ಲೂ ಅದೇ ಭಾಷೆ. "ಸುಶೀಲಾ, ದೀಪಾವಳಿಯೊಳಗಾಗಿ ಒಂದು ಕೆಲಸ ಹಿಡಿಯತಕ್ಕದ್ದು. ತಪ್ಪಿದಲ್ಲಿ ಕೊಡಿಗೇನಹಳ್ಳಿ ಅತ್ತೆ ಮಗನಿಗೆ ಕೊಟ್ಟು ಮದುವೆ ಮಾಡಲಾಗುವುದು," ಎಂದು ಊಟದ ಮಧ್ಯೆ ಆದೇಶ ಹೊರಡಿಸಿದ್ದರು. ಅತ್ತೆ ಮಗ ಕೆಟ್ಟವನೇನಲ್ಲ. ಆದರೆ ಮೂರು ವರ್ಷದಲ್ಲಿ ಅವನು ನನ್ನ ಹತ್ತಿರ ಆಡಿದ ಮಾತು ಹನ್ನೊಂದು. ಲೆಕ್ಕ ಇಟ್ಟಿದ್ದೇನೆ. ಅದರಲ್ಲಿ ಏಳು ಕಡಲೆಕಾಯಿ ಬೆಳೆಯನ್ನು ಕುರಿತದ್ದು.

ಅಷ್ಟರಲ್ಲಿ ನಮ್ಮ ಬೀದಿಯ ಹಿಂದೆ ಹೊಸದಾಗಿ ಶಿಶುವಿಹಾರ ತೆರೆಯುತ್ತಾರೆ, ಅದಕ್ಕೊಬ್ಬ ಟೀಚರ್ ಬೇಕು ಎಂಬ ಸುದ್ದಿ ಬಂತು. ಅರ್ಜಿ ಹಾಕಿದೆ. ಅದರ ಕಾರ್ಯದರ್ಶಿ ಕಮಲಾಕ್ಷಮ್ಮನವರು ದಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ತುಮಕೂರಿನಿಂದಲೂ ಒಬ್ಬಳು ಹಾಕಿದ್ದಾಳೆ. ನಂಗೆ ಮಾರ್ಕ್ಸ್ ಕಾರ್ಡ್ ಬೇಡ. ನಮ್ಮಲ್ಲಿಗೆ ಮೂರು ವರ್ಷದ್ದೂ ಬರುತ್ತೆ, ಅದನ್ನ ಎತ್ಕೊಂಡು ಹತ್ತು ವರ್ಷದ ಅಕ್ಕನೂ ಬರ್ತಾಳೆ. ಎಲ್ಲರನ್ನೂ ಒಟ್ಟಿಗೆ ಆಡಿಸಬೇಕು. ಭಾನುವಾರ ನಾಲ್ಕು ಗಂಟೆಗೆ ನಿಮ್ಮ ವಠಾರಕ್ಕೇ ಬರ್ತೀನಿ. ಆಡಿಸಿ ತೋರಿಸು," ಅಂದರು.

ವಠಾರದ ಮಕ್ಕಳನ್ನು ಎಣಿಸಿದೆ. ಇಪ್ಪತ್ತೆರಡು. ಮೂರರಿಂದ ಐದು ವರ್ಷದವು ಏಳು. ಆರರಿಂದ ಎಂಟು ವರ್ಷದವು ಎಂಟು. ಒಂಬತ್ತರಿಂದ ಹದಿಮೂರು, ಏಳು. 'ಅ' ಪಂಗಡ, 'ಆ' ಪಂಗಡ, 'ಇ' ಪಂಗಡ ಎಂದು ಹೆಸರಿಟ್ಟೆ. ಹೆಸರಿಟ್ಟ ಕೂಡಲೇ ಅರ್ಧ ಕೆಲಸ ಮುಗಿದಂತೆ ನನಗೆ ಅನ್ನಿಸುತ್ತದೆ. ಇದು ನನ್ನ ಹಳೆಯ ಕಾಯಿಲೆ.

ಆಟಗಳು ಸಿಕ್ಕಿದ್ದು ಬೆಲ್ಲದಿಂದ. ಅಂಗಡಿಯವನು ಅಚ್ಚುಬೆಲ್ಲ ಕಟ್ಟಿಕೊಟ್ಟಿದ್ದ ಕಾಗದ ಯಾವುದೋ ಪರದೇಶದ ಇಂಗ್ಲಿಷ್ ಪತ್ರಿಕೆಯ ಹಾಳೆ. ಅಂಟು ಒರೆಸಿ ನೋಡಿದರೆ ಮೇಲೆ ದಪ್ಪಕ್ಷರದಲ್ಲಿ "ಹ್ಯಾಲೋವೀನ್: ಎಲ್ಲ ವಯಸ್ಸಿನ ಮಕ್ಕಳಿಗೂ ಆಟಗಳು" ಎಂಬ ಅರ್ಥದ ಶೀರ್ಷಿಕೆ. ಅವರ ದೇಶದಲ್ಲಿ ಅಕ್ಟೋಬರ್ 31ರಂದು ದೆವ್ವಗಳ ಹೆಸರಿನಲ್ಲಿ ಮಕ್ಕಳಿಗೆ ಹಬ್ಬವಂತೆ. ಭಾನುವಾರವೇ ಅಕ್ಟೋಬರ್ 31. ಇದಕ್ಕಿಂತ ಶುಭಶಕುನ ಬೇಕೆ? ಡಿಕ್ಷನರಿ ಇಟ್ಟುಕೊಂಡು ಮೂರು ದಿನ ಕೂತು ಅರ್ಥ ಮಾಡಿಕೊಂಡೆ. ಹಾಳೆಯ ಕೆಳಭಾಗ ಹರಿದಿತ್ತು. ಕೊನೆಯ ಸಾಲು ಹೀಗೆ ನಿಂತಿತ್ತು: "ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಆಡಿಸುವಾಗ ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ ಸಂಗತಿಯೆಂದರೆ..." ಮುಂದಿನದು ಇನ್ಯಾರದೋ ಬೆಲ್ಲದ ಜೊತೆ ಹೋಗಿತ್ತು. ಒಂದು ಸಾಲು ತಾನೇ ಎಂದು ಬಿಟ್ಟೆ.

"ದೆವ್ವದ ಹಬ್ಬವಾ? ಪಿತೃಪಕ್ಷ ಕಳೆದುಹೋಯ್ತಲ್ಲೇ," ಅಂದಳು ಅಮ್ಮ.

"ಇದು ಅವರ ದೇಶದ್ದು ಕಣಮ್ಮ."

"ಅವರ ದೇಶದೋರೂ ಹಿರಿಯರಿಗೆ ವಡೆ ಇಡ್ತಾರಾ?"

"ಇಲ್ಲ. ಕುಂಬಳಕಾಯಿ ಕೊರೆದು ಕಣ್ಣು ಬಾಯಿ ಮಾಡಿ ಒಳಗೆ ದೀಪ ಇಡ್ತಾರೆ."

"ವಡೆ ಇಲ್ದೆ ಯಾವ ಹಿರಿಯರು ಬರ್ತಾರೆ," ಎಂದು ಅಮ್ಮ ಒಂದೇ ಮಾತಿನಲ್ಲಿ ಆ ಖಂಡದ ಸಂಸ್ಕೃತಿಯನ್ನೇ ತಳ್ಳಿಹಾಕಿದಳು.

ಭಾನುವಾರ ಬೆಳಿಗ್ಗೆ ಸಿಹಿಗುಂಬಳ ತಂದು ಚಾಕು ಎತ್ತಿದೆ. ಅಮ್ಮ ಕೈ ಹಿಡಿದಳು. ಹೆಣ್ಣುಮಕ್ಕಳು ಇಡೀ ಕುಂಬಳಕಾಯಿಗೆ ಮೊದಲು ಕತ್ತಿ ಹಾಕಬಾರದು. ಗಂಡಸಿನ ಕೈಯಿಂದ ಒಂದು ಗಾಯವಾಗಬೇಕು, ಆಮೇಲೆ ಏನು ಬೇಕಾದರೂ ಮಾಡಬಹುದು. ಅಪ್ಪ ನೆಂಟರ ಮನೆಯ ನಾಮಕರಣಕ್ಕೆಂದು ಸಿರಾಕ್ಕೆ ಹೋಗಿದ್ದರು. ವಠಾರದ ಉಳಿದ ಗಂಡಸರೆಲ್ಲ ಸಂತೆಗೋ ತೋಟಕ್ಕೋ ಹೋಗಿದ್ದರು, ದೊಡ್ಡ ಹುಡುಗರು ಬೆಟ್ಟದ ಕಡೆ ಆಡಲು. ಆ ಕ್ಷಣದಲ್ಲಿ ಲಭ್ಯವಿದ್ದ ಏಕೈಕ ಗಂಡಸು 'ಅ' ಪಂಗಡದ ಗುಂಡ, ವಯಸ್ಸು ಮೂರೂವರೆ, ಚಡ್ಡಿ ಹಾಕಿರಲಿಲ್ಲ.

"ಗಂಡಸು ಅಂದ್ರೆ ಗಂಡಸು," ಅಂದಳು ಅಮ್ಮ. ಗುಂಡನ ಕೈಯಲ್ಲಿ ಚಾಕು ಹಿಡಿಸಿ, ನಾವಿಬ್ಬರೂ ಅವನ ಕೈ ಹಿಡಿದು, ಕಾಯಿಗೆ ಒಂದು ಗೀರು ಹಾಕಿಸಿದೆವು. ಅವನು ಅದನ್ನು ಮನೆಮನೆಗೂ ಹೋಗಿ ಹೇಳಿಕೊಂಡು ಬಂದ.

ಇನ್ನು ಮುಂದಿನದರಲ್ಲಿ ನಾನು ಇಟ್ಟ ಒಂದೊಂದು ಹೆಜ್ಜೆಗೂ ಕಾರಣ ಬರೆದಿಟ್ಟಿದ್ದೇನೆ. ಓದುಗರು ದಯವಿಟ್ಟು ಗಮನಿಸಬೇಕು. ಕೊರೆದ ಕಣ್ಣು ಬಾಯಿ ದೂರದಿಂದ ಕಾಣುತ್ತಿರಲಿಲ್ಲ. ಕಾಣಲಿ ಎಂದು ಸುತ್ತ ಕುಂಕುಮ ಬಳಿದೆ. ಕಾಯಿ ಉರುಳುತ್ತಿತ್ತು, ಉರುಳದಿರಲಿ ಎಂದು ನಾಲ್ಕು ಕಡೆ ನಾಲ್ಕು ನಿಂಬೆಹಣ್ಣು ಒತ್ತು ಕೊಟ್ಟೆ. ಕಮಲಾಕ್ಷಮ್ಮನವರಿಗೆ ನಮ್ಮ ವಠಾರ ಗೊತ್ತಾಗಲಿ ಎಂದು ಅದನ್ನು ಒಯ್ದು ಬೀದಿಯ ತುದಿಯಲ್ಲಿ, ಮೂರು ದಾರಿ ಕೂಡುವ ಜಾಗದಲ್ಲಿ, ನಟ್ಟನಡುವೆ ಇಟ್ಟು ದೀಪ ಹಚ್ಚಿ ಬಂದೆ.

ಎಲ್ಲದಕ್ಕೂ ಕಾರಣವಿತ್ತು. ಒಟ್ಟಿಗೆ ನೋಡಿದರೆ ಹೇಗೆ ಕಾಣುತ್ತದೆ ಎಂಬ ಕಾಲಂ ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ. ಅಮ್ಮ ಊಟ ಮುಗಿಸಿ ಮಲಗಿದ್ದಳು. ಎದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮೂರೂಕಾಲು ಗಂಟೆಗೆ ಮೊದಲ ಆಟ. ನೀರಿನಲ್ಲಿ ತೇಲುವ ಸೇಬನ್ನು ಕೈ ಮುಟ್ಟದೆ ಬಾಯಲ್ಲಿ ಕಚ್ಚಿ ಎತ್ತುವುದು. ಮಧುಗಿರಿಯಲ್ಲಿ ಸೇಬು ತಿನ್ನುವವರು ಆಸ್ಪತ್ರೆಯಲ್ಲಿ ಮಲಗಿರುವವರು ಮಾತ್ರ. ನಾನು ಸೀಬೆಕಾಯಿ ತಂದಿದ್ದೆ. ಸ್ನಾನದ ಹಂಡೆಯಲ್ಲಿ ಪ್ರಯೋಗ ಮಾಡಿಯೂ ನೋಡಿದ್ದೆ. ಹದಿನೈದರಲ್ಲಿ ಹದಿಮೂರು ತೇಲಿದವು. ಕಾಯಿ ಸ್ವಲ್ಪ ಗಟ್ಟಿ, ಅಷ್ಟೆ.

'ಅ' ಪಂಗಡಕ್ಕೆ ಹಂಡೆಯ ಬಾಯಿಯೇ ಎಟುಕಲಿಲ್ಲ. ಅವರು ಅತ್ತರು. 'ಇ' ಪಂಗಡದ ನಂಜ, ಹದಿಮೂರು ವರ್ಷದವನು, ಎರಡು ನಿಮಿಷದಲ್ಲಿ ನಾಲ್ಕು ಎತ್ತಿ ತಿಂದ. ಅದನ್ನು ನೋಡಿ 'ಅ' ಪಂಗಡ ಇನ್ನಷ್ಟು ಅತ್ತಿತು. ಆಗ 'ಆ' ಪಂಗಡವನ್ನು ಕರೆದೆ. ಆರರಿಂದ ಎಂಟು ವರ್ಷ. ಆ ವಯಸ್ಸಿನ ಮಕ್ಕಳ ಬಾಯಲ್ಲಿ ಏನು ನಡೆಯುತ್ತಿರುತ್ತದೆ ಎಂಬುದು ನಾನು ಯೋಚಿಸದೇ ಇದ್ದ ವಿಷಯ. ಲಕ್ಷ್ಮಿ ಗಟ್ಟಿಯಾಗಿ ಕಚ್ಚಿದಳು. ಸೀಬೆಕಾಯಿ ಮೇಲೆ ಬಂತು. ಅದರಲ್ಲಿ ಲಕ್ಷ್ಮಿಯ ಮುಂದಿನ ಹಲ್ಲು ನಾಟಿಕೊಂಡಿತ್ತು.

ಐದು ನಿಮಿಷದಲ್ಲಿ ಇನ್ನೆರಡು ಹಲ್ಲು ಬಿದ್ದವು. ಅವು ನೀರಿನಲ್ಲಿ ಬಿದ್ದವು.

"ಸುಸೀಲಕ್ಕ, ಹಲ್ಲು ಕೊಡಕ್ಕ. ಸಗಣಿಯಾಗೆ ಇಟ್ಟು ಹೆಂಚಿನ ಮ್ಯಾಲೆ ಎಸೀಬೇಕು. ಇಲ್ದಿದ್ರೆ ಹೊಸ ಹಲ್ಲು ಬರಾಕಿಲ್ಲ," ಎಂದು ಶಿವಣ್ಣನೆಂಬ ಹುಡುಗ ಅಳುತ್ತಾ ಹೇಳಿದ. ನ್ಯಾಯವಾದ ಬೇಡಿಕೆ. ಹಂಡೆಯ ನೀರು ಚೆಲ್ಲಿ ಹುಡುಕಿದೆ. ಎರಡು ಹಲ್ಲು ಸಿಕ್ಕವು. ಯಾವುದು ಯಾರದು?

"ಇದು ನಂದು."

"ಲೇ, ಅದು ನಂದು ಕಣ್ಲಾ. ನಂದು ಹುಳುಕು ಹಲ್ಲು."

ಕೊನೆಗೆ ಇಬ್ಬರೂ ಹುಳುಕು ಹಲ್ಲೇ ಬೇಕೆಂದು ಹೊಡೆದಾಡಿದರು. ಮಿಕ್ಕ ಐವರು ಸಗಣಿ ತರಲು ಹೋದರು. ತಂದರು. ಅಗತ್ಯಕ್ಕಿಂತ ಬಹಳ ಹೆಚ್ಚು ತಂದರು.

ಮೂರು ಐವತ್ತಕ್ಕೆ ನನ್ನ ವೇಳಾಪಟ್ಟಿ ಹದಿನೈದು ನಿಮಿಷ ಹಿಂದೆ ಬಿದ್ದಿತ್ತು. ಎಲ್ಲರನ್ನೂ ಒಟ್ಟಿಗೆ ಹಿಡಿದಿಡುವ ಆಟ ಬೇಕಿತ್ತು. ಹಾಳೆಯಲ್ಲಿ ಎರಡನೆಯದು ಅದೇ: ಒಬ್ಬನನ್ನು ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಕಾಗದ ಸುತ್ತುವುದು. ಅಷ್ಟು ಕಾಗದ ಇರಲಿಲ್ಲ. ಅಪ್ಪನ ಎರಡು ಬಿಳಿ ಪಂಚೆ ಇದ್ದವು. ಎತ್ತರದವನು ಎಂದು ನಂಜನನ್ನು ಆರಿಸಿದೆ. ಮಕ್ಕಳು ಅದ್ಭುತವಾಗಿ ಸುತ್ತಿದರು. ಆದರೆ ಕಾಲು ಎರಡೂ ಸೇರಿಸಿ ಸುತ್ತಿದ್ದರಿಂದ ನಂಜ ನಿಲ್ಲಲಾರದೆ ಓಲಾಡಿದ. ಬೀಳುತ್ತಾನೆಂದು ಜಗುಲಿಯ ಮೇಲೆ ಮಲಗಿಸಿದೆ. ನಾಲ್ಕು ಸೀಬೆಕಾಯಿ ತಿಂದಿದ್ದ ನಂಜ ಮಲಗಿದ ಕೂಡಲೇ ನಿದ್ದೆ ಹೋದ.

ಒಂದು ಕ್ಷಣ ಆ ದೃಶ್ಯವನ್ನು ಹೊರಗಿನವರ ಕಣ್ಣಿನಿಂದ ನೋಡಿ. ಜಗುಲಿಯ ಮೇಲೆ ಬಿಳಿ ಬಟ್ಟೆ ಸುತ್ತಿ ಅಂಗಾತ ಮಲಗಿಸಿರುವ ಒಂದು ದೇಹ. ಸುತ್ತಲೂ ಅಳುತ್ತಿರುವ ಮಕ್ಕಳು. ಪಕ್ಕದಲ್ಲಿ ಚೆಲ್ಲಿದ ಹಂಡೆ. ಸಗಣಿ.

ಆಗ ಬಂದದ್ದು ನಂಜನ ಅಜ್ಜಿ ರಂಗಜ್ಜಿ. ಪಾವಗಡದ ಕಡೆಯವರು, ಕುರಿ ಕಾಯ್ದೇ ಬೆಳೆದವರು. ಗಾಬರಿಯಾದರೆ ತೆಲುಗಿಗೆ ಹೋಗುತ್ತಾರೆ.

"ಅಯ್ಯೋ ನಾ ಬಂಗಾರೂ! ಏಮೈಂದಿರಾ ನೀಕು!" ಎಂದು ಎದೆ ಬಡಿದುಕೊಂಡು ಜಗುಲಿಯ ಮೇಲೆ ಬಿದ್ದರು.

ಹೆಣ ಎದ್ದು ಕೂತು, "ಏನಜ್ಜಿ, ಊಟಕ್ಕಾ?" ಅಂತು.

ರಂಗಜ್ಜಿ ಕಿರುಚಲಿಲ್ಲ. ನಂಜನ ಕಪಾಳಕ್ಕೆ ಒಂದು ಬಿಟ್ಟರು. ಆಮೇಲೆ ಮುಖ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರು ಹೇಳಿದ್ದನ್ನು ದಿನಚರಿಯಲ್ಲಿ ಬರೆದಿಲ್ಲ.

ಅಷ್ಟು ಹೊತ್ತಿಗೆ ಬೀದಿಯ ತುದಿಯಲ್ಲಿ ಗದ್ದಲ ಕೇಳಿಸಿತು. ಓಡಿದೆ. ಕುಂಬಳಕಾಯಿಯ ಸುತ್ತ, ಹತ್ತು ಮಾರು ದೂರದಲ್ಲಿ, ಜನ ವೃತ್ತಾಕಾರವಾಗಿ ನಿಂತಿದ್ದರು. ಒಂದು ಜಟಕಾ ನಿಂತಿತ್ತು. ಕುದುರೆಯನ್ನು ಹಿಮ್ಮುಖವಾಗಿ ನಡೆಸಲು ಗಾಡಿಯ ಸಾಬರು ಒದ್ದಾಡುತ್ತಿದ್ದರು.

"ಯಾವನೋ ಮಾಟ ಮಾಡ್ಬುಟ್ಟವ್ನೆ. ಕಣ್ಣು ನೋಡ್ಲಾ ಅದರದ್ದು."

"ಹಾಡುಹಗಲಲ್ಲಿ ಮಾಡವ್ನೆ ಅಂದ್ರೆ ಎಂಥಾ ಗಟ್ಟಿಗ ಇರ್ಬೇಕು."

ಆ ವೃತ್ತದ ಆಚೆ ತುದಿಯಲ್ಲಿ ಕಮಲಾಕ್ಷಮ್ಮನವರು ಕೊಡೆ ಹಿಡಿದು ನಿಂತಿದ್ದರು. ಗಂಟೆ ನಾಲ್ಕು ಹತ್ತು. "ನಂಗೇನೂ ಮೂಢನಂಬಿಕೆ ಇಲ್ಲ," ಎಂದು ಪಕ್ಕದವರಿಗೆ ಹೇಳುತ್ತಿದ್ದರು. "ಆದರೆ ಚಪ್ಪಲಿ ಹೊಸದು."

ನನ್ನ ಮುಂದೆ ಎರಡೇ ದಾರಿ. ಸುಮ್ಮನಿದ್ದರೆ ಕಮಲಾಕ್ಷಮ್ಮ ಹಾಗೇ ವಾಪಸು ಹೋಗುತ್ತಾರೆ. ನಾನು ಕೊಡಿಗೇನಹಳ್ಳಿಗೆ ಹೋಗುತ್ತೇನೆ. ಹಾಗಾಗಿ ಧೈರ್ಯವಾಗಿ ಮುಂದೆ ಹೋಗಿ, ದೀಪ ಊದಿ ಆರಿಸಿ, ಕಾಯಿಯನ್ನು ಕಂಕುಳಿಗೆ ಎತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಹೆದರಬೇಡಿ. ಇದನ್ನ ಇಟ್ಟಿದ್ದು ನಾನೇ."

ಇದು ಆ ದಿನದ ಅತಿ ದೊಡ್ಡ ತಪ್ಪು. ವೃತ್ತ ಹತ್ತು ಮಾರಿನಿಂದ ಇಪ್ಪತ್ತು ಮಾರಿಗೆ ಹಿಗ್ಗಿತು.

ನಿಂಬೆಹಣ್ಣುಗಳನ್ನು ಆಯ್ದುಕೊಂಡು ವಾಪಸು ಬರುವಾಗ ಹಿಂದಿನ ಬೀದಿಯ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಪಿಸುದನಿಯಲ್ಲಿ, "ಅತ್ತೆ ಬಾಯಿ ಕಟ್ಟೋದಕ್ಕೂ ಹಿಂಗೇ ಕುಂಬಳಕಾಯಿ ಬೇಕಾ, ಇಲ್ಲಾ ಸಣ್ಣದು ಸಾಕಾ ಕಣಮ್ಮ?" ಎಂದು ಕೇಳಿದರು.

ವಠಾರಕ್ಕೆ ಬಂದಾಗ ನನ್ನ ಹಿಂದೆ ಕಮಲಾಕ್ಷಮ್ಮ ಇದ್ದರು. ನಾನು ಜಗುಲಿಯ ಮೂಲೆಯಲ್ಲಿ ಕೂತು ಮೇಲೆ ಹೇಳಿದ ಲೆಕ್ಕ ಬರೆದೆ. ಹೆಣ ಎದ್ದಿದ್ದರೂ ಒಮ್ಮೆ ಆದದ್ದನ್ನು ಬಿಡುವಂತಿಲ್ಲವಲ್ಲ. ರಂಗಜ್ಜಿ ನನ್ನ ಮಡಿಲಿನಿಂದ ಕುಂಬಳಕಾಯಿ ಕಿತ್ತುಕೊಂಡರು.

"ತಿನ್ನೋ ವಸ್ತೂನ ಇಂಗಾ ಮಾಡೋದು? ನಮ್ಮ ಮಾಟಕ್ಕೆ ನಾವೇ ಹೆದರ್ಕೊಂಡ್ರೆ ಆಯ್ತು ಬುಡು," ಎಂದು ಕುಂಕುಮ ತೊಳೆದರು. ಆಮೇಲೆ ಯಾರನ್ನೂ ಪಂಗಡ ಮಾಡದೆ ಕೂಗಿದರು. "ಲೇ ನಂಜ, ಸೌದೆ ಸೀಳು. ಲಕ್ಷ್ಮಿ, ಶಿವಣ್ಣ, ಕಡಲೆಕಾಯಿ ಸುಲೀರಿ. ಹಲ್ಲು ಇಲ್ದಿದ್ರೂ ಕೈ ಐತಲ್ಲ. ಗುಂಡ, ನೀನು ಈ ಬೆಲ್ಲದ ಅಚ್ಚು ಹಿಡ್ಕೊಂಡು ನನ್ನ ಪಕ್ಕದಾಗೆ ಕೂತ್ಕೊ. ನೆಕ್ಕೀಯ."

ಅಳು ನಿಂತಿತು. ಯಾವಾಗ ನಿಂತಿತೆಂದು ಬರೆದುಕೊಳ್ಳಲೂ ಆಗಲಿಲ್ಲ, ಅಷ್ಟು ಬೇಗ. ನಾಲ್ಕು ಐವತ್ತಕ್ಕೆ ಇಪ್ಪತ್ತೆರಡು ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಕುಂಬಳಕಾಯಿ ಪಾಯಸ ತಿನ್ನುತ್ತಿದ್ದರು. ದೊಡ್ಡವರ ನಡುವೆ ಒಂದೊಂದು ಸಣ್ಣದು. ಗುಂಡ ಮಾತ್ರ "ಇದ್ನ ಕೊಯ್ದಿದ್ದು ನಾನು" ಎಂದು ಹೇಳುತ್ತಲೇ ಇದ್ದ.

ಕಮಲಾಕ್ಷಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದರು. "ಅಜ್ಜಿ, ಇಷ್ಟು ಮಕ್ಕಳನ್ನ ಹೇಗೆ ಹಿಡಿದ್ರಿ?"

"ಕುರಿ ರೊಪ್ಪದಾಗೆ ಮರಿಗೊಂದು, ದೊಡ್ಡದಕ್ಕೊಂದು ಅಂತ ಬೇಲಿ ಹಾಕ್ತಾರೇನಮ್ಮ? ಮರಿ ಮಧ್ಯದಾಗೆ, ದೊಡ್ಡವು ಸುತ್ತ. ಅಷ್ಟೇ."

ಕಮಲಾಕ್ಷಮ್ಮ ನನ್ನ ದಿನಚರಿಯನ್ನು ಕೇಳಿ ಪಡೆದು, ನಿಂತಲ್ಲೇ ಎರಡು ಪುಟ ಓದಿದರು. ವಾಪಸು ಕೊಟ್ಟು ಹೋದರು.

ವಾರದ ನಂತರ ಪತ್ರ ಬಂತು. ಟೀಚರ್ ಕೆಲಸ ತುಮಕೂರಿನವಳಿಗೆ. ಆಯಾ ಕೆಲಸ ರಂಗಜ್ಜಿಗೆ. ಅವರು ಅರ್ಜಿಯನ್ನೇ ಹಾಕಿರಲಿಲ್ಲ. ನನಗೂ ಒಂದು ಕೆಲಸವಿತ್ತು, ಹಾಜರಿ ಪುಸ್ತಕ ಬರೆಯುವುದು. "ಅಳುತ್ತಿರುವವರನ್ನು ಬಿಟ್ಟುಹೋಗದಂತೆ ಎಣಿಸುವವರು ಅಪರೂಪ" ಎಂದು ಬರೆದಿದ್ದರು. ಕೆಳಗೆ ಒಂದು ಷರತ್ತು, ಅಡಿಗೆರೆ ಸಮೇತ: "ಯಾವುದೇ ಸಂದರ್ಭದಲ್ಲಿ ಮಕ್ಕಳಿಗೆ ಆಟ ಆಡಿಸತಕ್ಕದ್ದಲ್ಲ." ಅಪ್ಪ ಅದನ್ನು ಎರಡು ಸಲ ಓದಿ, ಭಾಷೆ ಬಹಳ ಚೆನ್ನಾಗಿದೆ ಅಂದರು.

ಕೊಡಿಗೇನಹಳ್ಳಿಯಿಂದ ದೀಪಾವಳಿಗೆ ಅತ್ತೆ ಮಗ ಬಂದಿದ್ದ. ನಾನು ಕೊಟ್ಟ ಲೋಟ ಮುಟ್ಟದೆ, ಬಾಗಿಲ ಹತ್ತಿರವೇ ನಿಂತು ಹನ್ನೆರಡನೇ ಮಾತು ಆಡಿದ: "ಮಾಟ ಕಲ್ತಿದೀಯಂತೆ?" ಆ ಸಂಬಂಧ ಅಲ್ಲಿಗೆ ವಜಾ ಆಯಿತು. ಹ್ಯಾಲೋವೀನ್ ಆಟಗಳಲ್ಲಿ ಯಶಸ್ವಿಯಾದದ್ದು ಇದೊಂದೇ, ಅದೂ ಪಟ್ಟಿಯಲ್ಲಿರಲಿಲ್ಲ.

ಈಗ ಎರಡು ವರ್ಷವಾಯಿತು. ಶಿಶುವಿಹಾರದ ಮೂಲೆಯಲ್ಲಿ ಕೂತು ದಿನವೂ ಹಾಜರಿ ಬರೆಯುತ್ತೇನೆ. ರಂಗಜ್ಜಿ ಮಕ್ಕಳನ್ನು ಆಡಿಸುತ್ತಾರೆ. ನಾನು ಎಣಿಸುತ್ತೇನೆ. ಆದರೂ ಆ ಹರಿದ ಸಾಲು ನನ್ನನ್ನು ಬಿಟ್ಟಿಲ್ಲ. 1982ರ ಅಕ್ಟೋಬರ್ ಕೊನೆಯ ವಾರದಲ್ಲಿ ಮಧುಗಿರಿ ಪೇಟೆಯಲ್ಲಿ ಬೆಲ್ಲ, ಹುರಿಗಡಲೆ ಅಥವಾ ಉಪ್ಪು ಕೊಂಡವರು ಯಾರಾದರೂ ಇಂಗ್ಲಿಷ್ ಕಾಗದದ ಅರ್ಧ ಹಾಳೆಯನ್ನು ಇಟ್ಟುಕೊಂಡಿದ್ದರೆ, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಆಡಿಸುವಾಗ ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದದ್ದು ಏನು ಎಂಬುದನ್ನು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ರಂಗಜ್ಜಿಯನ್ನು ಕೇಳಬಹುದಿತ್ತು. ಕೇಳಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಂತೆ.