ಅಲ್ಪವಿರಾಮಯ್ಯನ ಡಿಸ್ಕು

ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಕಂಪ್ಯೂಟರಿನ ಹೊಟ್ಟೆಯೊಳಗಿನ ಧೂಳು ಕೆರೆಯುತ್ತಾ ಅಲ್ಪವಿರಾಮಯ್ಯ ಮುಂದಿನ ಕೋಣೆಯ ನೆಲದ ಮೇಲೆ ಕೂತಿದ್ದ. ಕೂತಿದ್ದ ಎನ್ನುವುದಕ್ಕಿಂತ ಸಿಕ್ಕಿಕೊಂಡಿದ್ದ ಎನ್ನಬೇಕು. ಎದುರಿಗೆ ಮೇಜು, ಹಿಂದಕ್ಕೆ ಕಬ್ಬಿಣದ ಬೀರು. ಉಸಿರು ಎಳೆದುಕೊಂಡರೆ ಹೊಟ್ಟೆ ಮೇಜಿಗೆ ತಾಗುತ್ತಿತ್ತು, ಬಿಟ್ಟರೆ ಬೆನ್ನು ಬೀರುವಿಗೆ.

ಬೀರು ಅವನದಲ್ಲ, ಹೆಂಡತಿಯ ಅಣ್ಣನದು. ಹಿಂದೊಮ್ಮೆ ಭಾವ ಮನೆ ಬದಲಾಯಿಸುವಾಗ "ಎರಡು ವಾರ ಇಟ್ಕೊಂಡಿರಿ" ಎಂದು ತಂದು ನಿಲ್ಲಿಸಿದ್ದರು. ಆ ಎರಡು ವಾರಕ್ಕೆ ಈಗ ಆರು ವರ್ಷ. ಇದ್ದ ಒಂದು ಕಿಟಕಿಯೂ ಅದರ ಹಿಂದೆ ಹೋಗಿ, ಬೆಳಗಾಯಿತೋ ಇಲ್ಲವೋ ಎಂದು ತಿಳಿಯಲು ಮೆಟ್ಟಿಲವರೆಗೆ ಬಂದು ನೋಡಬೇಕಾಗಿತ್ತು. ಬಾಯಲ್ಲಿ ಹೇಳೋಣವೆಂದರೆ ಭಾವನದೊಂದು ನೇಮ: "ನೆಂಟರ ಮಧ್ಯೆ ಸಾಮಾನಿನ ಮಾತು ಬಾಯಲ್ಲಿ ಆಡಬಾರ್ದು, ಮನಸ್ಸು ಕೆಡತ್ತೆ. ಏನಿದ್ರೂ ಬರೆದು ಕಳಿಸಿ."

ಕಷ್ಟ ಇದ್ದದ್ದೇ ಅಲ್ಲಿ. ಅಲ್ಪವಿರಾಮಯ್ಯ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಯಾವುದನ್ನೂ ಮುಗಿಸಲಾರದ ಅವನ ಗುಣ ನೋಡಿಯೇ ಓಣಿಯವರು ಆ ಹೆಸರಿಟ್ಟಿದ್ದರು. "ಬೀರು ತೆಗೆದುಕೊಂಡು ಹೋಗಿ" ಎಂದು ಶುರುವಾದ ಕಾಗದ ಮಾರನೆಯ ದಿನ ಅವನಿಗೆ ಗಡುಸೆನಿಸಿತು. "ತೆಗೆದುಕೊಂಡು ಹೋದರೆ ಉಪಕಾರವಾದೀತು" ಎಂದು ತಿದ್ದಿದ. ಇಷ್ಟು ದಿನ ಅಪಕಾರವಾಗಿತ್ತು ಎಂದಂತಾಯಿತಲ್ಲ ಎಂದು ಉಪಕಾರವನ್ನೂ ಹೊಡೆದುಹಾಕಿದ. ಹೀಗೆ ವರ್ಷಗಟ್ಟಲೆ ಒಂದೊಂದೇ ಮುಳ್ಳು ಕಿತ್ತು, ಇನ್ನೇನು ಕಾಗದ ಬೆಣ್ಣೆಯಂತಾಯಿತು ಎನ್ನುವಾಗ ಕಂಪ್ಯೂಟರು ಕಣ್ಣು ಮುಚ್ಚಿತು. ಕಾಗದ ಅದರ ಡಿಸ್ಕಿನೊಳಗೇ ಉಳಿಯಿತು.

"ಕಾಗದ ಇವತ್ತು ಹೋಗ್ಲೇಬೇಕು" ಎಂದಳು ಹೆಂಡತಿ ಅಡುಗೆಮನೆಯಿಂದ. "ನಾಳೆ ಅಣ್ಣ ಹೊಸ ಮನೆಗೆ ಸಾಮಾನು ಸಾಗಿಸ್ತಾನೆ. ಲಾರಿ ಇರೋವಾಗ್ಲೇ ಇದೂ ಹತ್ತಿದ್ರೆ ಹತ್ತಿತು. ಇಲ್ದಿದ್ರೆ ನಾವೇ ಬೀರು ಒಳಗೆ ಸಂಸಾರ ಹೂಡ್ಬೇಕು."

"ಹೊಸದಾಗಿ ಒಂದು ಬರೆದುಬಿಟ್ರೆ?"

"ನೀವು ಹೊಸದು ಬರೆದು ಮುಗಿಸೋ ಹೊತ್ತಿಗೆ ಅದು ತುಕ್ಕು ಹಿಡಿದು ತಾನಾಗೇ ಉದುರಿ ಹೋಗತ್ತೆ."

"ನೀನೇ ನಾಲ್ಕು ಸಾಲು ಗೀಚಬಾರ್ದಾ?"

"ತಂಗಿಗೆ ಅಣ್ಣನ ಬೀರು ಭಾರವಾಯ್ತು ಅಂತ ಊರೆಲ್ಲ ಹೇಳ್ಕೊಂಡು ಬರ್ತಾನೆ. ಬೆಣ್ಣೆ ಅಂತೀರಲ್ಲ, ಆ ಬೆಣ್ಣೇನೇ ತೆಗೀರಿ."

ಗುಜರಿಯಿಂದ ತಂದ ಪೆಟ್ಟಿಗೆಯೊಳಗೆ ಹಳೆಯ ಭಾಗಗಳನ್ನೆಲ್ಲ ಕೂರಿಸಿ ಅಲ್ಪವಿರಾಮಯ್ಯ ಸ್ವಿಚ್ ಒತ್ತಿದ. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆಯ ಮೇಲೆ ಒಂದು ಸಾಲು ಮೂಡಿತು.

"ಬೂಟ್ ಡಿಸ್ಕ್ ಸಿಗ್ತಿಲ್ಲ ಅಂತಿದೆ."

"ಬೂಟು ಬಾಗಿಲ ಹತ್ರ ಬಿಟ್ಟಿರ್ತೀರಿ, ನೋಡಿ."

ಅವನು ಪಟ್ಟಿಯಂಥ ಕೇಬಲ್ ಬದಲಾಯಿಸಿದ. ಕರೆಂಟಿನ ವೈರನ್ನು ಕಿತ್ತು ಮತ್ತೆ ಒತ್ತಿದ. ಡಿಸ್ಕಿನ ಬೆನ್ನಿಗಿದ್ದ ಎಳ್ಳುಕಾಳಿನಷ್ಟು ಪಿನ್ನನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸಿದ. ಕೊನೆಗೆ ಡಿಸ್ಕನ್ನೇ ಹೊರಗೆಳೆದು, ವೈರು ಇದ್ದಂತೆಯೇ ನೆಲದ ಪೇಪರಿನ ಮೇಲೆ ಮಲಗಿಸಿ ಕಿವಿಯಿಟ್ಟ. ಒಳಗೆ ಏನೋ ಏಳಲು ಹೋಗಿ, ಮುಲುಗಿ, ಹಾಗೇ ಕೂತುಬಿಡುತ್ತಿತ್ತು. ತಿರುಗಬೇಕಾದ ತಟ್ಟೆ ತಿಂಗಳುಗಟ್ಟಲೆ ನಿಂತು ಅಂಟಿಕೊಂಡಿತ್ತು.

ಇದು ಒಂದೆರಡು ಗಂಟೆಯ ಕೆಲಸವಲ್ಲವೆಂದು ಅವನು ಅಚ್ಚುಕೂಟದ ಸಾಹೇಬರಿಗೆ ಫೋನು ಮಾಡಿದ. ಸಾಹೇಬರು ಬೆನ್ನಿನ ಡಿಸ್ಕು ಜಾರಿ ಬಹಳ ನರಳಿದವರು. ಪ್ರಪಂಚದಲ್ಲಿ ಇನ್ನೊಂದು ಥರದ ಡಿಸ್ಕು ಇದೆಯೆಂಬುದು ಅವರಿಗೆ ನೆನಪೇ ಇರುತ್ತಿರಲಿಲ್ಲ.

"ಸಾರ್, ಇವತ್ತು ಬರೋಕಾಗಲ್ಲ. ಡಿಸ್ಕ್ ಹೋಗಿದೆ."

ಆ ಕಡೆಯ ದನಿ ಮೆತ್ತಗಾಯಿತು. "ಯಾವಾಗಿಂದ್ರೀ?"

"ಹಳೇ ತೊಂದ್ರೆ ಸಾರ್. ಏಳೋಕೆ ಹೋಗೋದು, ಮುಲುಗೋದು, ಮತ್ತೆ ಕೂತ್ಬಿಡೋದು."

"ಗೊತ್ತು, ಗೊತ್ತು. ನಂದೂ ಹಾಗೇ. ಈಗ ಹೇಗಿದೆ?"

"ನೆಲದ ಮೇಲೆ ಮಲಗಿಸಿದೀನಿ. ಮಧ್ಯಾಹ್ನದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಸುತ್ತಿಗೇಲಿ ಎರಡು ತಟ್ತೀನಿ."

"ಬೇಡ್ರೀ, ನಿಮ್ಮ ಕೈ ಮುಗೀತೀನಿ. ನೋವಲ್ಲಿ ಬುದ್ಧಿ ಹೀಗೇ ಆಗತ್ತೆ. ಅಲ್ಲಾಡ್ಬೇಡಿ, ಬಂದೆ."

ಸಾಹೇಬರು ಯಾತಕ್ಕೆ ಬರುತ್ತಾರೆ ಎಂದು ಅಲ್ಪವಿರಾಮಯ್ಯನಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಒಂದು ಸ್ಕ್ರೂ ಉರುಳಿ ಮೇಜಿನಡಿಗೆ ಹೋಯಿತು. ಅವನು ಅರ್ಧ ಮೈ ಒಳಗೆ ತೂರಿಸಿ ತಡಕಾಡುತ್ತಿದ್ದಾಗ ಮೇಲಿನ ಮನೆಯ ನರ್ಸಮ್ಮ ಬಿಸಿನೀರಿನ ಚೀಲ ಹಿಡಿದು ಬಂದರು. ಹಿಂದೆ ಸಾಹೇಬರ ಬೆನ್ನನ್ನು ನೋಡಿಕೊಂಡವರು ಅವರೇ. ಸಾಹೇಬರ ಫೋನು ಮೊದಲು ಹೋದದ್ದೂ ಅವರಿಗೇ.

"ಅಯ್ಯೋ ಪಾಪ, ಮುಗ್ಗರಿಸಿಬಿಟ್ಟಿದ್ದೀರಲ್ಲ. ಏನು ಬೇಕು ಹೇಳಿ."

"ಡ್ರೈವರ್ ಬೇಕು" ಎಂದಿತು ಮೇಜಿನಡಿಯ ದನಿ. "ಉದ್ದದ್ದು."

ನರ್ಸಮ್ಮ ಮೆಟ್ಟಿಲ ಹತ್ತಿರ ಹೋಗಿ ಕೂಗಿದರು: "ಡ್ರೈವರಣ್ಣನ್ನ ಕಳಿಸಿ, ಉದ್ದ ಇರೋರೇ ಬೇಕಂತೆ."

ಕೆಳಗಿನ ಮನೆಯ ಬಸ್ ಡ್ರೈವರು ಒಂದು ಕೆನ್ನೆಗೆ ಸೋಪು ಬಳಿದುಕೊಂಡೇ ಓಡಿಬಂದ. ಚಕ್ರದಡಿ ಸಿಕ್ಕ ಚೀಲವನ್ನು ಎಳೆಯುವಂತೆ ಅಲ್ಪವಿರಾಮಯ್ಯನನ್ನು ಎರಡೂ ಕಾಲು ಹಿಡಿದು ಎಳೆದು, ಮಗುಚಿ, ನೀಟಾಗಿ ಮಲಗಿಸಿದ.

"ಬಿಡಿ ನನ್ನ. ಡಿಸ್ಕ್ ಹೋಗಿರೋದು ನಂದಲ್ಲ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಸಾಹೇಬರು. ಕೈಯಲ್ಲಿ ಅವರ ಸ್ವಂತ ಬೆನ್ನಿನ ಬೆಲ್ಟು, ಕಣ್ಣಲ್ಲಿ ನೀರು.

"ಮಿಷನ್ನು ನಿಲ್ಲಿಸಿ ಬಂದೆ ಕಣ್ರೀ" ಎಂದರು. "ಸುಳ್ಳು ನೆವ ಹೇಳಿ ರಜೆ ಹಾಕಿದ್ದ ಇಬ್ಬರನ್ನ ನಿನ್ನೆ ತಾನೇ ಮನೆಗೆ ಕಳಿಸಿದೀನಿ. ಆದ್ರೆ ನಿಮ್ಮಂಥೋರ ಕಷ್ಟಕ್ಕೆ ನಾನು ಬರ್ದೆ ಇನ್ಯಾರು ಬರ್ತಾರೆ? ಹತ್ತು ದಿನ ಸಂಬಳದ ರಜೆ, ಸುಮ್ನೆ ಮಲಗಿ."

ಅಲ್ಪವಿರಾಮಯ್ಯನ ನಾಲಿಗೆಯ ತುದಿಗೆ ಬಂದಿದ್ದ ನಿಜ ಬಂದ ದಾರಿಯಲ್ಲೇ ಹಿಂದಿರುಗಿತು. ಅವನು ಬೆಲ್ಟು ಕಟ್ಟಿಸಿಕೊಂಡು ಮುಲುಗಿದ. ಅಡುಗೆಮನೆಯಿಂದ ಬಂದ ಹೆಂಡತಿ ಒಂದೇ ನೋಟಕ್ಕೆ ಎಲ್ಲವನ್ನೂ ಅರ್ಥಮಾಡಿಕೊಂಡು, ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು.

"ಅಳ್ಬೇಡಮ್ಮ" ಎಂದರು ಸಾಹೇಬರು.

ನರ್ಸಮ್ಮ ಬೆನ್ನಡಿಗೆ ಇಟ್ಟ ಬಿಸಿನೀರಿನ ಚೀಲ ಕಾದ ಹೆಂಚಿನಂತಿತ್ತು. ಸಾಹೇಬರು ತಮ್ಮ ಡಿಸ್ಕು ಜಾರಿದ ಕತೆಯನ್ನು ಮೊದಲಿನಿಂದ ಶುರುಮಾಡಿದಾಗ ಅವನು ಯಾರಿಗೂ ಕಾಣದಂತೆ ಚೀಲವನ್ನು ಪಕ್ಕಕ್ಕೆ ಜಾರಿಸಿದ. ಅದು ಹೋಗಿ ಪೇಪರಿನ ಮೇಲೆ ಮಲಗಿದ್ದ ಡಿಸ್ಕನ್ನು ತಬ್ಬಿಕೊಂಡಿತು. ಸಾಹೇಬರ ಕತೆ ಎರಡನೆಯ ಆಸ್ಪತ್ರೆ ತಲುಪಿರಬೇಕು, ನೆಲದ ಮೇಲೆ 'ಟಕ್' ಎಂದಿತು. ಬಿಸಿಗೆ ಅಂಟು ಬಿಟ್ಟು ಡಿಸ್ಕು 'ಗುಂಯ್' ಎಂದು ತಿರುಗಿತು. ಬೀರುವಿನ ಆಚೆ ಮೂಲೆಯಲ್ಲಿ ಪರದೆ ಬೆಳಗಿತು.

ಹೆಂಡತಿ ಬೀರುವಿನ ಪಕ್ಕದಿಂದ ಓರೆಯಾಗಿ ತೂರಿಕೊಂಡು ಹೋದಳು. ಕಾಗದ ಕಂಡಿತು. ಓದುತ್ತಾ ಕೂರಲಿಲ್ಲ, ಓದಿದರೆ ಗಂಡ ಇನ್ನೊಮ್ಮೆ ತಿದ್ದುತ್ತೇನೆ ಎಂದಾನೆಂಬ ಭಯ. ಅಣ್ಣನ ಇ-ಮೇಲ್ ವಿಳಾಸ ಹಾಕಿ 'ಕಳಿಸು' ಒತ್ತಿಯೇಬಿಟ್ಟಳು. ಹಳೆಯ ಕಂಪ್ಯೂಟರು, ಪರದೆಯ ಮೇಲೆ ನೀಲಿ ಪಟ್ಟಿಯೊಂದು ಬಸವನಹುಳುವಿನಂತೆ ತೆವಳತೊಡಗಿತು. ಅಲ್ಪವಿರಾಮಯ್ಯನಿಗೆ ಮಲಗಿದಲ್ಲೇ ನೆಮ್ಮದಿಯೆನಿಸಿತು. ಅಂತೂ ಹೊರಟಿತು.

ಆಗ ಮೆಟ್ಟಿಲ ಮೇಲೆ ನಾಲ್ಕಾರು ಹೆಜ್ಜೆಯ ಸದ್ದು. ಭಾವ ಬಂದರು, ಹಿಂದೆ ಮೂವರು ಹಮಾಲರು.

"ಲಾರಿ ಇವತ್ತೇ ಸಿಕ್ತು. ಹೊಸ ಮನೇಲಿ ದೊಡ್ಡ ಗೋಡೆ ಖಾಲಿ ಇದೆ, ಬೀರು ತಗೊಂಡು ಹೋಗೋಣ ಅಂತ ಬಂದೆ. ಏನಿದು, ಡಿಸ್ಕಂತೆ? ಕೆಳಗೆ ಹೇಳಿದ್ರು. ಪಾಪ, ಇಂಥಾದ್ರಲ್ಲಿ ನನ್ನ ಬೀರು ಬೇರೆ ನಿಮಗೆ ಭಾರ. ಎತ್ರಪ್ಪ."

ಹಮಾಲರು ಎತ್ತಿದರು. ಆರು ವರ್ಷದ ಬೀರು ನೆಲ ಬಿಟ್ಟು ಬಾಗಿಲ ಕಡೆ ಒಂದು ಗೇಣು ಸರಿಯಿತು. ಕಿಟಕಿಯಿಂದ ಬೆರಳಗಲದ ಬಿಸಿಲು ಒಳಗೆ ಬಿತ್ತು.

ಅಲ್ಪವಿರಾಮಯ್ಯ ಥಟ್ಟನೆ ಪರದೆಯ ಕಡೆ ಕತ್ತು ಹೊರಳಿಸಿದ. ತಿದ್ದಿ ತಿದ್ದಿ ಆ ಕಾಗದ ಕೊನೆಗೆ ಏನಾಗಿದೆಯೆಂದು ಗೊತ್ತಿದ್ದವನು ಅವನೊಬ್ಬನೇ. ಬಾಗಿಲ ಕಡೆ ಬೀರು ಸರಿಯುತ್ತಿದೆ, ಪರದೆಯ ಮೇಲೆ ಪಟ್ಟಿ ಸರಿಯುತ್ತಿದೆ. ಬೀರು ಹೊಸಿಲು ದಾಟುವ ಮೊದಲು ಕಾಗದ ಭಾವನಿಗೆ ತಲುಪಬಾರದು.

"ಪ್ಲಗ್ ಕೀಳು" ಎಂದ ಹೆಂಡತಿಯ ಕಡೆ ಕೈಚಾಚಿ.

ಸಾಹೇಬರು ಆ ಕೈಯನ್ನು ಹಿಡಿದುಕೊಂಡರು. "ನಂಗೂ ಹಾಗೇ ಅನ್ಸಿತ್ತು ಕಣ್ರೀ, ಜೀವದ ಪ್ಲಗ್ಗೇ ಕಿತ್ತುಬಿಡಿ ಅಂತ. ಧೈರ್ಯ ತಗೊಳ್ಳಿ."

"ಅಲ್ಲ ಸಾರ್, ಆ ಪ್ಲಗ್ಗು..." ಏನಾದರಾಗಲಿ ಎಂದು ಏಳಲು ಹೋದ. ನರ್ಸಮ್ಮ ಭುಜ ಒತ್ತಿದರು, ಡ್ರೈವರು ಮೊಣಕಾಲಿನ ಮೇಲೆ ಕೂತೇಬಿಟ್ಟ. "ಕಳಿಸಿಯಾಯ್ತಲ್ಲ, ಇನ್ಯಾಕೆ ಗಾಬರಿ?" ಎಂದಳು ಹೆಂಡತಿ ಮೂಲೆಯಿಂದ ಖುಷಿಯಾಗಿ.

ಬೀರುವಿನ ಮುಂಗಾಲು ಹೊಸಿಲಿನ ಮೇಲಿತ್ತು. ಭಾವನ ಜೇಬು 'ಟಿಂಗ್' ಎಂದಿತು.

"ಇರ್ರಪ್ಪ" ಎಂದು ಹಮಾಲರನ್ನು ತಡೆದು ಭಾವ ಫೋನು ತೆಗೆದರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು.

"'ಪೂಜ್ಯ ಭಾವನವರಿಗೆ, ತಾವು ನಮ್ಮ ಮೇಲಿನ ವಿಶ್ವಾಸದಿಂದ ಇರಿಸಿದ ಬೀರು ಕ್ಷೇಮ. ಬೆಳಿಗ್ಗೆ ಎದ್ದರೆ ಮೊದಲು ಕಾಣುವುದು ಅದೇ. ಅದಿಲ್ಲದ ಮನೆಯನ್ನು ಆಗಾಗ ಊಹಿಸಿಕೊಂಡು, ನಾವಿಬ್ಬರೂ ಕಣ್ಣು ತುಂಬಿಕೊಳ್ಳುತ್ತೇವೆ...'"

ಮುಂದೆ ಓದಲಾಗಲಿಲ್ಲ. ಭಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಾನೆಂಥ ಮನುಷ್ಯ" ಎಂದರು. "ಹಾಸಿಗೆ ಹಿಡಿದೋರ ಎದುರಿಂದ ಇದನ್ನ ಎತ್ಕೊಂಡು ಹೋಗ್ತಿದ್ದೆನಲ್ಲ. ಬಾಯಲ್ಲಿ ಕೇಳಿದ್ರೆ ಇದೆಲ್ಲ ಗೊತ್ತಾಗ್ತಿತ್ತಾ? ಇಳಿಸ್ರಪ್ಪ. ಇದ್ದಲ್ಲೇ ಇಡಿ."

ಬೆರಳಗಲದ ಬಿಸಿಲು ಹೋಯಿತು.

"ಇನ್ನೊಂದು" ಎಂದರು ಭಾವ, ಮೆಟ್ಟಿಲಿಳಿಯುತ್ತಿದ್ದವರನ್ನು ಕರೆದು. "ಬೆನ್ನು ನೋವಿಗೆ ಹಲಗೆ ಮಂಚ ಒಳ್ಳೇದು. ಲಾರೀಲಿ ನಮ್ಮ ಜೋಡಿ ಮಂಚ ಇದೆಯಲ್ಲ, ತಗೊಂಡ್ಬನ್ನಿ. ಎರಡು ವಾರ ಮಲಗಿ ನೋಡ್ಲಿ."

ಮಂಚ ಬಂದು ಕೂತ ಮೇಲೆ ಕೋಣೆಯಲ್ಲಿ ನೆಲವೇ ಉಳಿಯಲಿಲ್ಲ. ಸಾಹೇಬರು, ನರ್ಸಮ್ಮ, ಡ್ರೈವರು, ಭಾವ ಒಬ್ಬರ ಹಿಂದೊಬ್ಬರು ಮಂಚ ಹತ್ತಿ, ಆ ಕಡೆ ಇಳಿದು ಮನೆಗೆ ಹೋದರು.

ಹೆಂಡತಿ ಮಂಚದ ಇನ್ನೊಂದು ಕೊನೆಯಲ್ಲಿ ಕಾಲು ಚಾಚಿ ಕೂತು, ಅಷ್ಟು ಹೊತ್ತು ತಡೆದಿದ್ದ ನಗುವನ್ನು ಬಿಟ್ಟಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಅಲ್ಪವಿರಾಮಯ್ಯ ಬೆಲ್ಟು ಬಿಚ್ಚಿ ಉದ್ದಕ್ಕೆ ಮಲಗಿದ. ದಿನವಿಡೀ ಪೆಟ್ಟಿಗೆಯ ಮೇಲೆ ಬಗ್ಗಿದ್ದ ಬೆನ್ನು ಹಲಗೆಗೆ ತಾಗಿ ಹಾಯೆನಿಸಿತು. ನೌಕರಿ ಉಳಿದಿದೆ, ರಜೆ ಸಿಕ್ಕಿದೆ. ಆರು ವರ್ಷದಿಂದ ತಲೆಯೊಳಗೆ ಗುನುಗುತ್ತಿದ್ದ ಸಾಲುಗಳೆಲ್ಲ ಸುಮ್ಮನಾಗಿದ್ದವು. ಅವನು ದೀರ್ಘವಾಗಿ ಉಸಿರುಬಿಟ್ಟ.

"ಸದ್ಯ, ಹೋಯ್ತಲ್ಲ."

"ಎಲ್ಲಿಗ್ರೀ ಹೋಯ್ತು? ಇಲ್ಲೇ ಇದೆಯಲ್ಲ ಗೂಟ ಹೊಡ್ಕೊಂಡು."

"ಬೀರು ಅಲ್ಲ ಕಣೇ" ಎಂದ ಅಲ್ಪವಿರಾಮಯ್ಯ, ಕಣ್ಣು ಮುಚ್ಚುತ್ತಾ. "ಕಾಗದ."